ಅಕ್ಷರಕ್ಕಾಗಿ ಹುಟ್ಟಿದ ಕಾರ್ಡು ಆಟಕ್ಕೆ ಒದಗಿದ ಕಥೆ

ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟ ಬಸ್ಸಿಗೆ ಆಯನೂರು ದಾಟಿದ ಮೇಲೆ ಸಿಗುವ ಊರು ಕುಂಸಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮ್ಯಾಂಗನೀಸ್ ಅದಿರಿನ ಗಣಿಗಳಿಂದ ಹೆಸರಾಗಿದ್ದ ಈ ಊರು ಈಗ ಹೋಬಳಿ ಕೇಂದ್ರ. ಇಂತಹ ಊರಿನ ಮನೆಯೊಂದರಲ್ಲಿ ಕಾಲೇಜು ಓದುವ ಹುಡುಗ ಆಟ ಆಡಬಲ್ಲ ಕಂಪ್ಯೂಟರ್ ಬೇಕೆಂದು ಹಟ ಹಿಡಿದರೆ, ಹಣ ಎಣಿಸಬೇಕಾದ ಹಿರಿಯರಿಗೆ ಒಂದು ಸಂಗತಿ ಮಾತ್ರ ಸುಲಭಕ್ಕೆ ಅರ್ಥವಾಗುವುದಿಲ್ಲ. ಪರದೆಗೆ ದುಡ್ಡು ಕೊಡುವುದು ಸರಿ, ಅದು ಕಣ್ಣಿಗೆ ಕಾಣುತ್ತದೆ. ಕೀಲಿಮಣೆಯೂ ಕಾಣುತ್ತದೆ. ಆದರೆ ಪೆಟ್ಟಿಗೆಯೊಳಗೆ ಮುಚ್ಚಿ ಕೂರುವ, ಎರಡು ಮೂರು ಪಂಕಗಳ ಒಂದು ಹಲಗೆಗೆ ಇಡೀ ಯಂತ್ರದ ಬೆಲೆಯ ಮೂರನೇ ಒಂದು ಪಾಲು, ಕೆಲವೊಮ್ಮೆ ಅರ್ಧದಷ್ಟು ಕೊಡಬೇಕೆಂದರೆ ಅದು ಯಾವ ನ್ಯಾಯ?

ಆ ಹಲಗೆಯ ಹೆಸರು ಗ್ರಾಫಿಕ್ಸ್ ಕಾರ್ಡ್. ಶಿವಮೊಗ್ಗದ ಅಂಗಡಿಯಲ್ಲಾಗಲಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಸಾಲು ಮಳಿಗೆಗಳಲ್ಲಾಗಲಿ ಅದನ್ನು ಕೊಳ್ಳಲು ಹೋದವರು ಮೊದಲು ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಜಿಬಿ?’ ಅಂಗಡಿಯವರಿಗೂ ಆ ಪ್ರಶ್ನೆ ಇಷ್ಟ. ಉತ್ತರ ಹೇಳುವುದು ಸುಲಭ, ದೊಡ್ಡ ಅಂಕಿ ಹೇಳಿದರೆ ಗಿರಾಕಿಗೆ ಸಮಾಧಾನ. ಆದರೆ ಈ ಕಾರ್ಡಿನ ನಲವತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ ಅದು ಮೊದಲು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಪರದೆಯ ಮೇಲೆ ಏನನ್ನು ಕಾಣಬೇಕು ಎಂಬುದು ಮೊದಲ ಪ್ರಶ್ನೆ. ಆ ಪ್ರಶ್ನೆಯನ್ನು ಮೊದಲು ಕೇಳಿದವನಿಗೆ ಬೇಕಾಗಿದ್ದುದು ಆಟವೂ ಅಲ್ಲ, ಚಿತ್ರವೂ ಅಲ್ಲ. ಅವನಿಗೆ ಬೇಕಾಗಿದ್ದುದು ಅಕ್ಷರ.

1981ರ ಆಗಸ್ಟ್‌ನಲ್ಲಿ ಐಬಿಎಂ ಕಂಪೆನಿ ತನ್ನ ವೈಯಕ್ತಿಕ ಗಣಕಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಾಗ ಪರದೆಗೆ ಸಂಬಂಧಿಸಿದ ಕಾರ್ಡನ್ನು ಗ್ರಾಹಕನೇ ಆರಿಸಿಕೊಳ್ಳಬೇಕಿತ್ತು. ಇದ್ದ ಆಯ್ಕೆಗಳು ಎರಡು. ಒಂದು ಕಾರ್ಡಿನಲ್ಲಿ ಅಕ್ಷರಗಳು ಅಚ್ಚುಕಟ್ಟಾಗಿ ಮೂಡುತ್ತಿದ್ದವು, ಆದರೆ ಅಕ್ಷರಗಳ ಹೊರತು ಬೇರೇನೂ ಮೂಡುತ್ತಿರಲಿಲ್ಲ. ಒಂದು ಗೆರೆಯನ್ನೂ ಬೇಕಾದ ಹಾಗೆ ಎಳೆಯುವಂತಿರಲಿಲ್ಲ. ಇನ್ನೊಂದು ಬಣ್ಣದ ಕಾರ್ಡು. ಅದರಲ್ಲಿ ಚಿತ್ರ ಬರೆಯಬಹುದಿತ್ತು, ಆದರೆ ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕಿ ಮಾತ್ರ, ಒಮ್ಮೆಗೆ ನಾಲ್ಕೇ ಬಣ್ಣ. ನಾಲ್ಕೇ ಏಕೆಂದರೆ ಕಾರ್ಡಿನ ಮೇಲಿದ್ದ ಸ್ಮೃತಿ 16 ಕಿಲೋಬೈಟ್. 64,000 ಚುಕ್ಕಿಗಳ ಬಣ್ಣವನ್ನು ನೆನಪಿಡಲು ಅದು ಅಷ್ಟಕ್ಕೇ ಸಾಕಾಗುತ್ತಿತ್ತು. ಅಂದವಾದ ಅಕ್ಷರ ಬೇಕೆ, ಒರಟಾದ ಚಿತ್ರ ಬೇಕೆ? ಕಾರ್ಡು ಆರಿಸುವ ತಲೆನೋವು ಅಂದೇ ಶುರುವಾಯಿತು.

ಅಮೆರಿಕದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಥಾಯ್ಲೆಂಡಿನ ವಾನ್ ಸುವನ್ನುಕುಲ್ ಎಂಬುವರಿಗೆ ಈ ಎರಡೂ ಕಾರ್ಡುಗಳು ಕೆಲಸಕ್ಕೆ ಬರಲಿಲ್ಲ. ಪ್ರಬಂಧಕ್ಕೆ ಅವರಿಗೆ ಥಾಯ್ ಲಿಪಿ ಬೇಕಿತ್ತು. ಥಾಯ್ ಅಕ್ಷರಗಳಿಗೆ ಮೇಲೊಂದು ಗುರುತು, ಕೆಳಗೊಂದು ಗುರುತು. ಮೊದಲ ಕಾರ್ಡಿನಲ್ಲಿ ಅಕ್ಷರಗಳ ಆಕಾರವನ್ನು ಕಾರ್ಖಾನೆಯಲ್ಲೇ ಬರೆದು ಮುಚ್ಚಿಬಿಟ್ಟಿದ್ದರು. ಎರಡನೆಯದರಲ್ಲಿ ಚುಕ್ಕಿಗಳು ಸಾಲುತ್ತಿರಲಿಲ್ಲ. ಕೊನೆಗೆ ಅವರೇ ಹೊಸದೊಂದು ಕಾರ್ಡು ರಚಿಸಿದರು. 1982ರಲ್ಲಿ ಕೆವಿನ್ ಜೆಂಕಿನ್ಸ್ ಎಂಬುವರ ಜೊತೆ ಸೇರಿ ಕಂಪೆನಿ ಕಟ್ಟಿ ಅದನ್ನು ಮಾರಾಟಕ್ಕೆ ತಂದರು. ಅದೇ ಹರ್ಕ್ಯುಲಿಸ್ ಗ್ರಾಫಿಕ್ಸ್ ಕಾರ್ಡ್. ಅಡ್ಡಕ್ಕೆ 720, ಉದ್ದಕ್ಕೆ 348 ಚುಕ್ಕಿ, 64 ಕಿಲೋಬೈಟ್ ಸ್ಮೃತಿ, ಬೆಲೆ 499 ಡಾಲರ್. ಬಣ್ಣ ಇರಲಿಲ್ಲ. ಆದರೆ ಒಂದೊಂದು ಚುಕ್ಕಿಯನ್ನೂ ಬೇಕಾದಂತೆ ಬೆಳಗಿಸಬಹುದಿತ್ತು. ಅಂದರೆ ಜಗತ್ತಿನ ಯಾವ ಲಿಪಿಯನ್ನಾದರೂ ಬರೆಯಬಹುದಿತ್ತು. ಮರುವರ್ಷ ಬಂದ ಲೋಟಸ್ 1-2-3 ಎಂಬ ಲೆಕ್ಕದ ತಂತ್ರಾಂಶ ಈ ಕಾರ್ಡಿನಲ್ಲಿ ನಕ್ಷೆಗಳನ್ನು ಬಿಡಿಸತೊಡಗಿದ ಮೇಲೆ ಕಚೇರಿಗಳೂ ಇದನ್ನು ಕೊಂಡವು. ನೋಡನೋಡುತ್ತಿದ್ದಂತೆ ಹರ್ಕ್ಯುಲಿಸ್ ಎಂಬುದು ಒಂದು ಮಾನದಂಡವಾಯಿತು, ಅದರ ನಕಲುಗಳು ಲಕ್ಷಗಟ್ಟಲೆ ತಯಾರಾದವು.

ಇಲ್ಲಿ ಒಂದು ಸ್ವಾರಸ್ಯವಿದೆ. ಥಾಯ್ ಲಿಪಿ ಖ್ಮೇರ್ ಲಿಪಿಯ ಮೂಲಕ ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಬಂದದ್ದು. ಕನ್ನಡ ಲಿಪಿ ಕದಂಬರ ಲಿಪಿಯಿಂದ ಬೆಳೆದದ್ದು. ಎರಡಕ್ಕೂ ಮೂಲ ಬ್ರಾಹ್ಮಿ. ಕಂಚಿಯಲ್ಲಿ ಪಲ್ಲವರ ಕಡೆಯವರೊಡನೆ ಜಗಳವಾಡಿ ಬಂದು ರಾಜ್ಯ ಕಟ್ಟಿದ ಮಯೂರಶರ್ಮನ ಕಥೆಯನ್ನು ಹೇಳುವ ಕಂಬ ಶಾಸನ ಇರುವುದು ಕುಂಸಿಯ ಜಿಲ್ಲೆಯಲ್ಲೇ, ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ. ಆ ಜಗಳದ ಎರಡು ಪಕ್ಷಗಳ ಲಿಪಿಗಳೂ ಒಂದೂವರೆ ಸಾವಿರ ವರ್ಷಗಳ ಬಳಿಕ ಗಣಕದ ಮುಂದೆ ಒಂದೇ ಕಷ್ಟಕ್ಕೆ ಸಿಲುಕಿದವು.

ಕನ್ನಡದ ಕಷ್ಟ ಏನೆಂಬುದು ಅಂದಿನ ಪರದೆಯ ರಚನೆಯನ್ನು ತಿಳಿದರೆ ಅರ್ಥವಾಗುತ್ತದೆ. ಒಂದು ಸಾಲಿಗೆ 80ರಂತೆ 25 ಸಾಲು, ಅಂದರೆ 2,000 ಚೌಕಗಳು. ಬಣ್ಣದ ಕಾರ್ಡಿನಲ್ಲಿ ಒಂದು ಚೌಕಕ್ಕೆ ಅಡ್ಡಕ್ಕೆ ಎಂಟು, ಉದ್ದಕ್ಕೆ ಎಂಟು ಚುಕ್ಕಿ. ಇಂಗ್ಲಿಷಿನ ಒಂದು ಅಕ್ಷರ ಆ ಚೌಕದಲ್ಲಿ ಹೇಗೋ ಕೂರುತ್ತದೆ. ‘ಲಕ್ಷ್ಮಿ’ ಎಂಬಲ್ಲಿನ ‘ಕ್ಷ್ಮಿ’ಯನ್ನು ಕೂರಿಸಿ ನೋಡಬೇಕು! ಮೂಲಾಕ್ಷರ, ಅದರ ಕೆಳಗೆ ಒತ್ತು, ಅದರ ಪಕ್ಕಕ್ಕೆ ಇನ್ನೊಂದು ಒತ್ತು, ಮೇಲೆ ಗುಡಿಸು. ‘ಸ್ತ್ರೀ’ಯಲ್ಲಿ ಇದಕ್ಕೆ ದೀರ್ಘವೂ ಸೇರುತ್ತದೆ. ಚೌಕ ಒಂದೇ ಅಗಲದ್ದು, ಕನ್ನಡದ ಅಕ್ಷರಗಳು ಒಂದೇ ಅಗಲದವಲ್ಲ. ಚೌಕದ ಕೆಳಗೆ ಜಾಗವಿಲ್ಲ, ಒತ್ತಕ್ಷರಕ್ಕೆ ಬೇಕಾಗಿರುವುದೇ ಕೆಳಗಿನ ಜಾಗ. ಕನ್ನಡಕ್ಕೆ ಕಂಪ್ಯೂಟರ್ ಒಗ್ಗದು ಎಂಬ ಮಾತು ಆ ದಿನಗಳಲ್ಲಿ ಕೇಳಿಬರುತ್ತಿದ್ದುದಕ್ಕೆ ಕಾರಣ ಭಾಷೆಯಲ್ಲಿರಲಿಲ್ಲ, ಎಂಟು ಚುಕ್ಕಿಯ ಈ ಚೌಕದಲ್ಲಿತ್ತು.

ಇದಕ್ಕೆ ಭಾರತದಲ್ಲಿ ಹುಡುಕಿದ ಪರಿಹಾರವೂ ಒಂದು ಕಾರ್ಡೇ. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಭಾರತೀಯ ಲಿಪಿಗಳಿಗಾಗಿ ನಡೆದ ಸಂಶೋಧನೆ, 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಸ್ಥಾಪನೆಯಾದಾಗ ಅಲ್ಲಿಗೆ ಸ್ಥಳಾಂತರವಾಯಿತು. ಅಲ್ಲಿಂದ ಹೊರಬಂದದ್ದು ‘ಜಿಸ್ಟ್’ ಕಾರ್ಡು. ಗಣಕದ ಪೆಟ್ಟಿಗೆ ತೆರೆದು ಖಾಲಿ ಇರುವ ಸೀಳಿಗೆ ಇದನ್ನು ಸಿಕ್ಕಿಸಿದರೆ ಅದುವರೆಗೆ ಇಂಗ್ಲಿಷ್ ಮಾತ್ರ ಬಲ್ಲ ವರ್ಡ್‌ಸ್ಟಾರ್, ಡಿಬೇಸ್‌ಗಳಂತಹ ತಂತ್ರಾಂಶಗಳಲ್ಲಿ ಕನ್ನಡ, ಹಿಂದಿ, ತಮಿಳು ಮೂಡುತ್ತಿದ್ದವು. ಇದರ ಉಪಾಯ ಬಹಳ ಜಾಣತನದ್ದು. ತಂತ್ರಾಂಶಕ್ಕೆ ತಾನು ಕನ್ನಡ ಬರೆಯುತ್ತಿದ್ದೇನೆಂಬುದೇ ಗೊತ್ತಿರುವುದಿಲ್ಲ. ಅದು ಎಂದಿನಂತೆ ಒಂದಾದ ಮೇಲೊಂದು ಸಂಕೇತವನ್ನು ಕಳಿಸುತ್ತದೆ. ‘ಕ’ಕಾರ, ಅರ್ಧಾಕ್ಷರದ ಗುರುತು, ‘ಷ’ಕಾರ ಎಂದು ಸಾಲಾಗಿ ಬಂದ ಸಂಕೇತಗಳನ್ನು ಕಾರ್ಡು ನಡುವೆಯೇ ಹಿಡಿದು, ಜೋಡಿಸಿ, ‘ಕ್ಷ’ ಎಂದು ಪರದೆಗೆ ಬಿಡಿಸುತ್ತದೆ. ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಸಂಕೇತ ವ್ಯವಸ್ಥೆ ಇದ್ದುದರಿಂದ ದೇವನಾಗರಿಯಲ್ಲಿ ಬೆರಳಚ್ಚಿಸಿದ ಹೆಸರುಗಳ ಪಟ್ಟಿಯನ್ನು ಕನ್ನಡ ಲಿಪಿಯಲ್ಲೂ ನೋಡಬಹುದಿತ್ತು. ‘ಇಸ್ಕಿ’ ಎಂದು ಕರೆಯಲಾದ ಈ ವ್ಯವಸ್ಥೆ 1991ರಲ್ಲಿ ಭಾರತೀಯ ಮಾನಕವಾಯಿತು.

ಈ ಕಾರ್ಡಿನ ಆಯುಷ್ಯ ದೀರ್ಘವಾಗಿರಲಿಲ್ಲ. 1987ರಲ್ಲಿ ಐಬಿಎಂ ತಂದ ವಿಜಿಎ ವ್ಯವಸ್ಥೆ ಹತ್ತು ವರ್ಷಗಳೊಳಗೆ ಎಲ್ಲ ಗಣಕಗಳಿಗೂ ಸಾಮಾನ್ಯವಾಯಿತು. ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕಿ ಸಿಕ್ಕಿದ ಮೇಲೆ, ವಿಂಡೋಸ್ ಬಂದು ಪರದೆಯೆಲ್ಲ ಚಿತ್ರವೇ ಆದ ಮೇಲೆ, ಅಕ್ಷರಕ್ಕೆಂದು ಪ್ರತ್ಯೇಕ ಹಲಗೆ ಬೇಕಾಗಲಿಲ್ಲ. ಕಾರ್ಡಿನ ಕೆಲಸವನ್ನು ತಂತ್ರಾಂಶವೇ ಮಾಡತೊಡಗಿತು. ಕಿನ್ನಿಕಂಬಳದ ಕೆ.ಪಿ. ರಾವ್ ಅವರ ‘ಸೇಡಿಯಾಪು’, 1998ರಲ್ಲಿ ಬಂದ ‘ಬರಹ’, ಅನಂತರದ ‘ನುಡಿ’ ಇವುಗಳಿಗೆ ಯಾವ ವಿಶೇಷ ಯಂತ್ರಭಾಗವೂ ಬೇಕಿರಲಿಲ್ಲ. ಇಂದು ಕನ್ನಡ ಬರೆಯಲು, ಓದಲು, ಲೆಕ್ಕ ಇಡಲು, ಸಿನಿಮಾ ನೋಡಲು ಗ್ರಾಫಿಕ್ಸ್ ಕಾರ್ಡಿಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಾಗಿಲ್ಲ. ಈಗಿನ ಹೆಚ್ಚಿನ ಸಂಸ್ಕಾರಕಗಳ ಒಳಗೇ ಅದಕ್ಕೆ ಬೇಕಾದಷ್ಟು ಶಕ್ತಿ ಇರುತ್ತದೆ. ಇದನ್ನು ಹೇಳದೆ ಕಚೇರಿ ಕೆಲಸದ ಗಿರಾಕಿಗೂ ಒಂದು ಅಗ್ಗದ ಕಾರ್ಡು ಕಟ್ಟಿಕೊಡುವ ಅಂಗಡಿಗಳು ಇನ್ನೂ ಇವೆ.

ಅಕ್ಷರ ಬಿಟ್ಟುಕೊಟ್ಟ ಜಾಗಕ್ಕೆ ಬಂದು ಕುಳಿತದ್ದು ಆಟ. 1990ರ ದಶಕದ ಮೊದಲ ಭಾಗದಲ್ಲಿ ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರಗಳಿಗೆ ಹೋದವರಿಗೆ ‘ಪ್ರಿನ್ಸ್ ಆಫ್ ಪರ್ಷಿಯಾ’ದ ರಾಜಕುಮಾರ ನೆನಪಿದ್ದಾನು. ಗುರುಗಳು ಅತ್ತ ಹೋದೊಡನೆ ಇತ್ತ ಅವನು ಗೋಡೆ ಹಾರುತ್ತಿದ್ದ. ಆ ಆಟಕ್ಕಾಗಲಿ, 1993ರ ಡಿಸೆಂಬರಿನಲ್ಲಿ ಬಂದು ಲೋಕವನ್ನೇ ಮರುಳು ಮಾಡಿದ ‘ಡೂಮ್’ ಆಟಕ್ಕಾಗಲಿ ವಿಶೇಷ ಕಾರ್ಡು ಬೇಕಿರಲಿಲ್ಲ. ಚಿತ್ರ ಬರೆಯುವ ಲೆಕ್ಕವನ್ನೆಲ್ಲ ಮುಖ್ಯ ಸಂಸ್ಕಾರಕವೇ ಮಾಡುತ್ತಿತ್ತು. ಕಾರ್ಡಿನ ಕೆಲಸ ಅದನ್ನು ಪರದೆಗೆ ದಾಟಿಸುವುದಷ್ಟೇ.

ನಿಜವಾದ ಮೂರು ಆಯಾಮದ ಲೋಕ ಬೇಕೆಂದಾಗ ಈ ವ್ಯವಸ್ಥೆ ಸುಸ್ತಾಯಿತು. ಆಟದೊಳಗಿನ ಮನೆ, ಮರ, ಮನುಷ್ಯ ಎಲ್ಲವೂ ಸಣ್ಣ ತ್ರಿಕೋನಗಳ ಜೋಡಣೆ. ನೋಡುವವನು ಒಂದು ಹೆಜ್ಜೆ ಸರಿದರೂ ಪ್ರತಿ ತ್ರಿಕೋನದ ಜಾಗ, ಬಣ್ಣ, ನೆರಳನ್ನು ಮತ್ತೆ ಲೆಕ್ಕ ಹಾಕಬೇಕು. ಒಂದೊಂದು ಲೆಕ್ಕವೂ ಸುಲಭದ್ದೇ, ಆದರೆ ಕೋಟಿಗಟ್ಟಲೆ. ಜಾಣ ಗುಮಾಸ್ತನೊಬ್ಬನಿಗಿಂತ ಸಾವಿರ ಕೂಲಿಯವರು ಒಟ್ಟಿಗೆ ಕೂತರೆ ಇಂತಹ ಕೆಲಸ ಬೇಗ ಮುಗಿಯುತ್ತದೆ. ಅಡಿಕೆ ಸುಲಿಯುವ ಕಾಲದಲ್ಲಿ ಮಲೆನಾಡಿನ ಚಪ್ಪರದ ಕೆಳಗೆ ಕಾಣುವುದೂ ಇದೇ ಲೆಕ್ಕ. ಆ ಕೂಲಿಯವರ ಗುಂಪೇ ಗ್ರಾಫಿಕ್ಸ್ ಚಿಪ್. 1996ರಲ್ಲಿ 3ಡಿಎಫ್ಎಕ್ಸ್ ಕಂಪೆನಿಯ ‘ವೂಡೂ’ ಕಾರ್ಡು ಇದನ್ನು ಮನೆಗಳಿಗೆ ತಂದಿತು. ಅದಕ್ಕೆ ಮೂರು ಆಯಾಮದ ಆಟ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಸಾಮಾನ್ಯ ಕೆಲಸಕ್ಕೆ ಪಕ್ಕದಲ್ಲಿ ಇನ್ನೊಂದು ಕಾರ್ಡು ಇರಲೇಬೇಕಿತ್ತು.

ಅದರ ಎದುರಾಳಿ ಎನ್‌ವಿಡಿಯಾ 1993ರಲ್ಲಿ ಸ್ಥಾಪನೆಯಾದದ್ದು. ಇಂದು ಜಗತ್ತಿನ ಅತಿ ಬೆಲೆಬಾಳುವ ಕಂಪೆನಿಗಳ ಸಾಲಿನಲ್ಲಿರುವ ಅದರ ಮೊದಲ ಕಾರ್ಡು ಸೋತಿತ್ತು ಎಂಬುದನ್ನು ಕೊಳ್ಳುವವರು ನೆನಪಿಡಬೇಕು. 1995ರ ‘ಎನ್‌ವಿ1’ ತ್ರಿಕೋನಗಳ ಬದಲು ಬಾಗಿದ ಮೇಲ್ಮೈಗಳಿಂದ ಚಿತ್ರ ಕಟ್ಟುತ್ತಿತ್ತು. ಅಷ್ಟರಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಆಟಗಳಿಗೆ ತ್ರಿಕೋನವನ್ನೇ ಆರಿಸಿಕೊಂಡಿತು. ಕಾರ್ಡಿನೊಳಗೆ ಏನೇ ಜಾಣ್ಮೆ ಇದ್ದರೂ ಅದಕ್ಕೆ ಹೊಂದುವ ಆಟಗಳೇ ಬರಲಿಲ್ಲ. 1997ರಲ್ಲಿ ತ್ರಿಕೋನಕ್ಕೆ ಮರಳಿದ ‘ರಿವಾ 128’ ಕಂಪೆನಿಯನ್ನು ಉಳಿಸಿತು. 1999ರ ‘ಜಿಫೋರ್ಸ್ 256’ರೊಡನೆ ಜಿಪಿಯು ಎಂಬ ಹೆಸರು ಜನರ ಬಾಯಿಗೆ ಬಂತು. 2000ದ ಡಿಸೆಂಬರಿನಲ್ಲಿ 3ಡಿಎಫ್ಎಕ್ಸ್ ತನ್ನ ಆಸ್ತಿಯನ್ನು ಎನ್‌ವಿಡಿಯಾಕ್ಕೇ ಮಾರಿ ಕಣ್ಮರೆಯಾಯಿತು. ಕೆನಡಾದ ಎಟಿಐ ‘ರೇಡಿಯಾನ್’ ಕಾರ್ಡುಗಳೊಡನೆ ಎದುರು ನಿಂತಿತು. 2006ರಲ್ಲಿ ಅದನ್ನು ಎಎಂಡಿ ಕೊಂಡಿತು. 2022ರಲ್ಲಿ ಇಂಟೆಲ್ ‘ಆರ್ಕ್’ ಹೆಸರಿನಲ್ಲಿ ಮೂರನೆಯವನಾಗಿ ಬಂತು. ಇಂದಿನ ಅಂಗಡಿಯ ಕಪಾಟಿನಲ್ಲಿ ಹತ್ತಾರು ಹೆಸರುಗಳ ಪೆಟ್ಟಿಗೆಗಳಿದ್ದರೂ ಒಳಗಿನ ಚಿಪ್ಪು ಸಾಮಾನ್ಯವಾಗಿ ಈ ಮೂವರಲ್ಲೊಬ್ಬರದು. ಉಳಿದ ಹೆಸರುಗಳು ಹಲಗೆ, ಪಂಕ, ಬಣ್ಣದ ದೀಪ ಜೋಡಿಸುವವರವು.

ಕರ್ನಾಟಕ ಈ ಕಥೆಯಲ್ಲಿ ಕೇವಲ ಗಿರಾಕಿಯಲ್ಲ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರ್‌ಆಕ್ಟಿವ್ ದೇಶದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲೊಂದು. 2019ರಲ್ಲಿ ಅದು ರಾಕ್‌ಸ್ಟಾರ್ ಪಾಲಾಯಿತು. 2023ರ ನವೆಂಬರಿನಲ್ಲಿ ಎಎಂಡಿ ತನ್ನ ಜಾಗತಿಕ ವಿನ್ಯಾಸ ಕೇಂದ್ರಗಳಲ್ಲೇ ದೊಡ್ಡದನ್ನು ಬೆಂಗಳೂರಿನಲ್ಲಿ ತೆರೆಯಿತು. ಎನ್‌ವಿಡಿಯಾ, ಇಂಟೆಲ್‌ಗಳ ಎಂಜಿನಿಯರುಗಳೂ ಅಲ್ಲಿದ್ದಾರೆ. ಚಿಪ್ಪಿನ ನಕ್ಷೆಯ ಒಂದು ಭಾಗ ಬೆಂಗಳೂರಿನಲ್ಲಿ ತಯಾರಾಗಿ, ತೈವಾನಿನಲ್ಲಿ ಅಚ್ಚಾಗಿ, ಚೀನಾದಲ್ಲಿ ಹಲಗೆಗೆ ಕೂತು ಮತ್ತೆ ಕುಂಸಿಗೆ ಬರುವಾಗ 18 ಶೇಕಡ ಜಿಎಸ್‌ಟಿ ಸೇರಿರುತ್ತದೆ.

ಇನ್ನು ಹೆಸರುಗಳ ವಿಚಾರ. ಆಯ್ಕೆಯಲ್ಲಿ ಎಡವುವುದು ಹೆಚ್ಚಾಗಿ ಇಲ್ಲಿಯೇ, ಮತ್ತು ಎಡವಿಸುವ ಕೆಲಸ ಹಳೆಯದು. 2002ರಲ್ಲಿ ‘ಜಿಫೋರ್ಸ್ 4 ಎಂಎಕ್ಸ್’ ಎಂಬ ಕಾರ್ಡು ಬಂತು. ಹೆಸರಿನಲ್ಲಿ ನಾಲ್ಕಿದ್ದರೂ ಒಳಗಿನ ತಂತ್ರಜ್ಞಾನ ಎರಡನೆಯ ಪೀಳಿಗೆಯದು. ಮೂರನೆಯ ಪೀಳಿಗೆಯ ಕಾರ್ಡಿಗೆ ಬರುತ್ತಿದ್ದ ವಿದ್ಯೆಯೂ ಇದಕ್ಕೆ ಬರುತ್ತಿರಲಿಲ್ಲ. 2017ರ ‘ಜಿಟಿ 1030’ ಸೆಕೆಂಡಿಗೆ 48 ಜಿಬಿ ಮಾಹಿತಿಯನ್ನು ಸ್ಮೃತಿಯಿಂದ ತರುತ್ತಿತ್ತು. ಮರುವರ್ಷ ಅದೇ ಹೆಸರಿನಲ್ಲಿ ಬಂದ ಅಗ್ಗದ ಸ್ಮೃತಿಯ ಕಾರ್ಡು ತರುತ್ತಿದ್ದುದು 16.8 ಜಿಬಿ. 2021ರ ‘ಆರ್‌ಟಿಎಕ್ಸ್ 3060’ರಲ್ಲಿ 12 ಜಿಬಿ ಸ್ಮೃತಿ. 2022ರ ಕೊನೆಯಲ್ಲಿ ಅದೇ ಹೆಸರಿನ 8 ಜಿಬಿ ಕಾರ್ಡು ಬಂದಾಗ ಕಡಿಮೆಯಾದದ್ದು ಸ್ಮೃತಿ ಮಾತ್ರವಲ್ಲ. ಸ್ಮೃತಿಯ ಹಾದಿಯೂ 192 ಬಿಟ್‌ನಿಂದ 128ಕ್ಕೆ ಕಿರಿದಾಗಿತ್ತು. ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕೊಂಡವನಿಗೆ ಇದು ತಿಳಿಯುವ ಸಂಭವವೇ ಇಲ್ಲ. ಇದನ್ನು ವ್ಯಾಪಾರದ ಜಾಣತನ ಎನ್ನುವವರು ಎನ್ನಲಿ, ಗಿರಾಕಿಯ ದೃಷ್ಟಿಯಿಂದ ಇದು ಕಣ್ಕಟ್ಟು.

‘ಎಷ್ಟು ಜಿಬಿ’ ಎಂಬ ಪ್ರಶ್ನೆಯ ಅಪಾಯವೂ ಇದರಿಂದ ತಿಳಿಯುತ್ತದೆ. ಸ್ಮೃತಿ ಎಂದರೆ ಉಗ್ರಾಣ. ಉಗ್ರಾಣ ದೊಡ್ಡದಿದ್ದ ಮಾತ್ರಕ್ಕೆ ಅಡಿಗೆ ಬೇಗ ಆಗುವುದಿಲ್ಲ. 2014ರ ‘ಜಿಟಿ 730’ ಕಾರ್ಡೂ 4 ಜಿಬಿ ಸ್ಮೃತಿಯೊಡನೆ ಮಾರಾಟವಾಗಿದೆ, 2019ರ ‘ಜಿಟಿಎಕ್ಸ್ 1650’ ಕೂಡ 4 ಜಿಬಿಯದೇ. ಮೊದಲನೆಯದರಲ್ಲಿ ಲೆಕ್ಕ ಮಾಡುವ ಕೂಲಿಯವರು 384, ಎರಡನೆಯದರಲ್ಲಿ 896. ಹಳೆಯ ಡಿಡಿಆರ್3 ಸ್ಮೃತಿ, 64 ಬಿಟ್ ಹಾದಿಯ ‘ಜಿಟಿ 730’ ಸೆಕೆಂಡಿಗೆ 15 ಜಿಬಿಯನ್ನೂ ದಾಟದು. ‘1650’ 128 ಜಿಬಿ ತರುತ್ತದೆ. ಆದರೂ ಉಗ್ರಾಣ ತೀರಾ ಚಿಕ್ಕದಾದರೆ ಅಡಿಗೆ ನಡುವೆಯೇ ನಿಲ್ಲುತ್ತದೆ ಎಂಬುದೂ ನಿಜ. 2025ರ ಮೇ ತಿಂಗಳಲ್ಲಿ ಬಂದ ‘ಡೂಮ್: ದ ಡಾರ್ಕ್ ಏಜಸ್’ ಆಟಕ್ಕೆ ಕನಿಷ್ಠ 8 ಜಿಬಿ ಸ್ಮೃತಿಯ, ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕ ಹಾಕಬಲ್ಲ ಕಾರ್ಡು ಬೇಕು. 1993ರಲ್ಲಿ ಯಾವ ವಿಶೇಷ ಕಾರ್ಡನ್ನೂ ಕೇಳದ ಆಟದ ವಂಶದ ಕುಡಿಗೆ ಇಂದು ಇಷ್ಟು ಬೇಕಾಗಿದೆ. ಇಂತಹ ಹೊಸ ಆಟಗಳನ್ನು ಆಡುವವರಿಗೆ 8 ಜಿಬಿ ಈಗ ಕೆಳಗಿನ ಮಿತಿ. ನಾಲ್ಕೈದು ವರ್ಷ ಬಾಳಬೇಕೆಂದರೆ 12 ಅಥವಾ 16 ಒಳ್ಳೆಯದು. ‘ವ್ಯಾಲರಂಟ್’, ‘ಕೌಂಟರ್ ಸ್ಟ್ರೈಕ್’ಗಳಂತಹ ಸ್ಪರ್ಧೆಯ ಆಟಗಳನ್ನಷ್ಟೇ ಆಡುವವರಿಗೆ ಅಷ್ಟು ಬೇಕಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಸುವನ್ನುಕುಲ್ ಶುರು ಮಾಡಿದಲ್ಲಿಂದಲೇ, ಅಂದರೆ ಪರದೆಯಿಂದ. ಅವರ ಕಾರ್ಡು ತುಂಬಬೇಕಾಗಿದ್ದುದು 2,50,560 ಚುಕ್ಕಿಗಳನ್ನು. ಈಗಿನ ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕಿ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಕಾರ್ಡು ಪ್ರತಿ ಸೆಕೆಂಡಿಗೆ 12 ಕೋಟಿಗೂ ಮಿಕ್ಕಿ ಚುಕ್ಕಿಗಳ ಬಣ್ಣವನ್ನು ನಿರ್ಧರಿಸಬೇಕು. 1440 ಸಾಲಿನ ಪರದೆಯಲ್ಲಿ ಚುಕ್ಕಿಗಳು 36,86,400. 4ಕೆ ಪರದೆಯಲ್ಲಿ 82,94,400, ಅಂದರೆ ಸರಿಯಾಗಿ ನಾಲ್ಕು ಪಟ್ಟು. ಮನೆಯಲ್ಲಿರುವುದು ಮೊದಲ ಬಗೆಯ, 60 ಚಿತ್ರಗಳ ಪರದೆಯಾಗಿದ್ದರೆ 4ಕೆಗೆಂದು ತಯಾರಾದ ಕಾರ್ಡಿಗೆ ಕೊಟ್ಟ ಹೆಚ್ಚುವರಿ ಹಣ ಕಣ್ಣಿಗೆ ಕಾಣಿಸುವುದೇ ಇಲ್ಲ. ಕಾರ್ಡು ನೂರಿಪ್ಪತ್ತು ಚಿತ್ರ ಬರೆದರೂ ಪರದೆ ತೋರಿಸುವುದು ಅರವತ್ತನ್ನೇ.

ಪರದೆಯ ನಂತರ ವಿದ್ಯುತ್ತು. ಕುಂಸಿಯಂತಹ ಊರಿನಲ್ಲಿ ಬೆಂಗಳೂರಿನವರ ಸಲಹೆ ಕೆಲಸಕ್ಕೆ ಬಾರದಿರುವುದು ಈ ವಿಷಯದಲ್ಲಿ. ಶರಾವತಿಯ ವಿದ್ಯುದಾಗಾರಗಳು ಇದೇ ಜಿಲ್ಲೆಯಲ್ಲಿದ್ದರೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿಯುವುದು, ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿಗೆ ಕರೆಂಟು ಹೋಗಿ ಬಂದು ಮಾಡುವುದು ಮಲೆನಾಡಿಗೆ ಹೊಸದಲ್ಲ. ಕಾರ್ಡು ಕೂರುವ ಸೀಳಿನಿಂದಲೇ ಸಿಗುವ ವಿದ್ಯುತ್ತು 75 ವಾಟ್. ‘1650’ರಂತಹ ಕಾರ್ಡುಗಳಲ್ಲಿ ಕೆಲವು ಅಷ್ಟರಲ್ಲೇ ನಡೆಯುತ್ತವೆ, ಹಳೆಯ ಕಚೇರಿ ಕಂಪ್ಯೂಟರಿಗೂ ಹೊಂದುತ್ತವೆ. 2023ರ ‘ಆರ್‌ಟಿಎಕ್ಸ್ 4060’ಕ್ಕೆ 115 ವಾಟ್, 2025ರ ‘5060’ಕ್ಕೆ 145, ‘3060’ಕ್ಕೆ 170. ಅದೇ 2025ರ ಜನವರಿಯಲ್ಲಿ ಬಂದ ‘5090’ಕ್ಕೆ 575 ವಾಟ್! ಒಂದು ಸಣ್ಣ ಮಿಕ್ಸಿ ಬಿಡುವಿಲ್ಲದೆ ತಿರುಗಿದಂತೆ. 2022ರ ‘4090’ ಕಾರ್ಡಿನಲ್ಲಿ ಇಷ್ಟು ವಿದ್ಯುತ್ತನ್ನು ಸಣ್ಣ ಜೋಡಣೆಯೊಂದರಲ್ಲಿ ಹಾಯಿಸಲು ಹೋಗಿ ಕೆಲವೆಡೆ ಆ ಜೋಡಣೆಯೇ ಕರಗಿದ್ದು ಸುದ್ದಿಯಾಗಿತ್ತು.

ಸಾಮಾನ್ಯವಾಗಿ ಮನೆಗಳಲ್ಲಿರುವ 600 ವಿಎ ಯುಪಿಎಸ್ ಹೊರಬಲ್ಲುದು ಸುಮಾರು 360 ವಾಟ್. ಸಂಸ್ಕಾರಕ, ಪರದೆ, ಕಾರ್ಡು ಎಲ್ಲ ಸೇರಿ ಅದನ್ನು ಮೀರಿದರೆ, ಆಟದ ನಡುವೆ ಕರೆಂಟು ಹೋದ ಕ್ಷಣವೇ ಯುಪಿಎಸ್ ಕೈ ಎತ್ತುತ್ತದೆ. ಆದ್ದರಿಂದ ಕಾರ್ಡಿನ ಬೆಲೆಯೊಡನೆ ಒಳ್ಳೆಯ ವಿದ್ಯುತ್ ಪೂರೈಕೆ ಪೆಟ್ಟಿಗೆಯ ಬೆಲೆಯನ್ನೂ, ಸರಿಯಾದ ಅರ್ತಿಂಗ್ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು. ಇದರಲ್ಲಿ ಉಳಿಸಿದ ಎರಡು ಸಾವಿರ ಮೂವತ್ತು ಸಾವಿರದ ಕಾರ್ಡನ್ನು ತಿನ್ನಬಹುದು. ಕಡಿಮೆ ವಾಟ್ ಕೇಳುವ ಕಾರ್ಡು ಸ್ವಲ್ಪ ನಿಧಾನದ್ದಾದರೂ ಹಳ್ಳಿಗೆ ಅದೇ ಮೇಲು.

ಹಳೆಯ ಕಂಪ್ಯೂಟರಿಗೆ ಹೊಸ ಕಾರ್ಡು ಹಾಕುವವರಿಗೆ ಇನ್ನೊಂದು ತೊಡಕು. 2022ರ ಜನವರಿಯಲ್ಲಿ ಎಎಂಡಿ ತಂದ ‘ಆರ್‌ಎಕ್ಸ್ 6500 ಎಕ್ಸ್‌ಟಿ’ ಮದರ್‌ಬೋರ್ಡಿನೊಡನೆ ಮಾತಾಡುವುದು ನಾಲ್ಕೇ ಹಾದಿಗಳಲ್ಲಿ. ಹೊಸ ಮದರ್‌ಬೋರ್ಡಿನಲ್ಲಿ ಆ ಹಾದಿಗಳ ವೇಗ ಹೆಚ್ಚು, ಹಳೆಯದರಲ್ಲಿ ಅರ್ಧ. ಹಳೆಯ ಯಂತ್ರದವರಿಗೆಂದೇ ಕೈಗೆಟಕುವ ಬೆಲೆಯಲ್ಲಿ ಬಂದ ಕಾರ್ಡು ಹಳೆಯ ಯಂತ್ರದಲ್ಲೇ ಕುಂಟಿತು.

ಕೈಗೆಟಕುವ ಬೆಲೆ ಎಂಬುದೂ ಈಗ ಆಟದವರ ಕೈಯಲ್ಲಿಲ್ಲ. ಸಾವಿರಾರು ಸಣ್ಣ ಲೆಕ್ಕಗಳನ್ನು ಒಟ್ಟಿಗೆ ಮಾಡುವ ಶಕ್ತಿ ಆಟಕ್ಕಲ್ಲದೆ ಬೇರೆಯದಕ್ಕೂ ಬೇಕೆಂದು ಜಗತ್ತಿಗೆ ಹೊಳೆದದ್ದೇ ಇದಕ್ಕೆ ಕಾರಣ. 2007ರಲ್ಲಿ ಎನ್‌ವಿಡಿಯಾ ‘ಕೂಡಾ’ ಎಂಬ ವ್ಯವಸ್ಥೆಯಿಂದ ವಿಜ್ಞಾನಿಗಳಿಗೆ ಈ ಬಾಗಿಲು ತೆರೆಯಿತು. ಬಳಿಕ ಡಿಜಿಟಲ್ ನಾಣ್ಯ ಗಣಿಗಾರರು ನುಗ್ಗಿದರು. 2021ರಲ್ಲಿ 329 ಡಾಲರ್ ಎಂದು ಘೋಷಿಸಿದ್ದ ‘3060’ ಕಾರ್ಡು ಅಂಗಡಿಗಳಲ್ಲಿ ಅದರ ಸುಮಾರು ಎರಡು ಪಟ್ಟಿಗೆ ಹೋಯಿತು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ನಾಣ್ಯ ಗಣಿಗಾರಿಕೆಯನ್ನು ಕೈಬಿಟ್ಟ ಮೇಲೆ, ತಿಂಗಳುಗಟ್ಟಲೆ ಹಗಲಿರುಳು ದುಡಿದ ಕಾರ್ಡುಗಳು ಧೂಳು ಒರೆಸಿಕೊಂಡು ಹಳೆಯ ಸಾಮಾನಿನ ಪೇಟೆಗೆ ಬಂದವು. ಆಮೇಲೆ ಬಂದದ್ದು ಕೃತಕ ಬುದ್ಧಿಮತ್ತೆ. 2023ರ ಜನವರಿಗೆ ಮುಗಿದ ಹಣಕಾಸು ವರ್ಷದಲ್ಲಿ ಎನ್‌ವಿಡಿಯಾದ ಆಟದ ವ್ಯಾಪಾರ ಸುಮಾರು 900 ಕೋಟಿ ಡಾಲರ್ ಆಗಿದ್ದರೆ, ದತ್ತಾಂಶ ಕೇಂದ್ರಗಳ ವ್ಯಾಪಾರ 1,500 ಕೋಟಿ ಡಾಲರ್. ಹಿಂದಿನ ವರ್ಷ ಆಟದ್ದೇ ಮೇಲಿತ್ತು. ಅದೇ ಕೇಂದ್ರಗಳು ಸ್ಮೃತಿ ಚಿಪ್ಪುಗಳನ್ನೂ ಬಾಚಿಕೊಂಡದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಸ್ಮೃತಿಯ ಬೆಲೆ ಗಗನಕ್ಕೇರಿತು. ಕಂಪೆನಿಯನ್ನು ಬೆಳೆಸಿದ ಆಟದ ಹುಡುಗರು ಈಗ ಅಂಗಡಿಯ ಸರದಿಯಲ್ಲಿ ಹಿಂದೆ ನಿಂತಿದ್ದಾರೆ.

ಹೀಗಾಗಿ ಹಳೆಯ ಕಾರ್ಡಿನ ಕಡೆ ಕಣ್ಣು ಹೋಗುವುದು ಸಹಜ. ಅದರಲ್ಲೂ ನೋಡಿ ಕೊಳ್ಳಬೇಕಾದ್ದಿದೆ. ಒಂದು ಕಾಲಕ್ಕೆ ಮನೆಮಾತಾಗಿದ್ದ ‘ಜಿಟಿಎಕ್ಸ್ 1060’ರ ಪೀಳಿಗೆಗೆ ಹೊಸ ಆಟಗಳಿಗಾಗಿ ಚಾಲಕ ತಂತ್ರಾಂಶ ಒದಗಿಸುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿನೊಂದಿಗೆ ನಿಲ್ಲಿಸಿದೆ, ಸುರಕ್ಷತೆಯ ತಿದ್ದುಪಡಿಗಳು ಮಾತ್ರ 2028ರವರೆಗೆ ಬರುತ್ತವೆ. ಹತ್ತು ವರ್ಷ ಹಿಂದಿನ ಚಿಪ್ಪಿನೊಳಗಿನ ಹೆಸರನ್ನೇ ತಿದ್ದಿ, ‘1050 ಟಿಐ’ ಎಂದು ತೋರುವಂತೆ ಮಾಡಿ ಮಾರಿದ ನಕಲಿ ಕಾರ್ಡುಗಳೂ ಪೇಟೆಯಲ್ಲಿ ಸಿಕ್ಕಿವೆ. ಕಂಪ್ಯೂಟರ್ ಅದನ್ನು ಹೊಸ ಹೆಸರಿನಿಂದಲೇ ಗುರುತಿಸುತ್ತದೆ, ಆಟ ಶುರುವಾದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂತಹ ಬಹುತೇಕ ನಕಲಿಗಳನ್ನು ಹಿಡಿದುಕೊಡುತ್ತದೆ. ಮಾರುವವನ ಎದುರೇ ಅದನ್ನು ನಡೆಸಿ, ಅರ್ಧ ಗಂಟೆ ಒಂದು ಭಾರಿ ಆಟವನ್ನು ಓಡಿಸಿ, ಪಂಕಗಳ ಸದ್ದು ಕೇಳಿ, ಶಾಖ ಎಷ್ಟೇರಿತೆಂದು ನೋಡಿ ಹಣ ಕೊಡಬೇಕು. ಇದಕ್ಕೆ ಒಪ್ಪದವನ ಹತ್ತಿರ ಕೊಳ್ಳದಿರುವುದೇ ಲೇಸು.

ಹೊಸದನ್ನು ಕೊಳ್ಳುವವರು ಜಿಎಸ್‌ಟಿ ನಮೂದಿಸಿದ ಬಿಲ್ಲು ಪಡೆದು, ಅದರಲ್ಲಿ ಕಾರ್ಡಿನ ಕ್ರಮಸಂಖ್ಯೆ ಬರೆಸಿಕೊಳ್ಳಬೇಕು. ವಾರಂಟಿ ಸಾಮಾನ್ಯವಾಗಿ ಮೂರು ವರ್ಷ. ಆ ಅವಧಿ ಕ್ರಮಸಂಖ್ಯೆಯಿಂದ ಶುರುವಾಗುತ್ತದೆಯೇ ಬಿಲ್ಲಿನ ತಾರೀಖಿನಿಂದಲೇ ಎಂಬುದು ಕಂಪೆನಿಯಿಂದ ಕಂಪೆನಿಗೆ ಬೇರೆ. ದುರಸ್ತಿಗೆ ಕಾರ್ಡನ್ನು ಶಿವಮೊಗ್ಗದ ಅಂಗಡಿಯೇ ಕಳಿಸಿಕೊಡುತ್ತದೆಯೇ, ಗಿರಾಕಿಯೇ ಬೆಂಗಳೂರಿನ ಸೇವಾ ಕೇಂದ್ರಕ್ಕೆ ಕೊರಿಯರ್ ಮಾಡಬೇಕೆ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿಟ್ಟುಕೊಳ್ಳಬೇಕು. ಖಾಲಿ ಪೆಟ್ಟಿಗೆಯನ್ನು ಅಟ್ಟದ ಮೇಲೆ ಜೋಪಾನವಾಗಿಡಬೇಕು. ಕೊರಿಯರಿಗೆ ಅದೇ ಬೇಕಾಗುತ್ತದೆ.